ಬೋರ್ಡಿನ ಕೆಳಗಿನ ಸಾಲು

ಊರಿನಲ್ಲಿ ಅವರನ್ನು ನೀಲಿಗಂಟು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಕೋಟಾಗಲಿ ಪ್ಯಾಂಟಾಗಲಿ, ಹೊಲಿದು ಮುಗಿಸಿದ ಮೇಲೆ ಒಳಮಗ್ಗುಲಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ನೀಲಿ ದಾರದ ಒಂದು ಗಂಟು ಹಾಕುವುದು ಅವರ ಪದ್ಧತಿ. ಆ ಗಂಟಿರುವ ಬಟ್ಟೆಯ ಹೊಲಿಗೆ ಯಾವತ್ತು ಬಿಟ್ಟರೂ ಪುಕ್ಕಟೆ ಹೊಲಿದು ಕೊಡುತ್ತಿದ್ದರು. ಅಂಗಡಿಯ ನೆತ್ತಿಯ ಮೇಲಿನ ಬೋರ್ಡು ಅದನ್ನೇ ಸಾರುತ್ತಿತ್ತು: 'ನಮ್ಮ ಹೊಲಿಗೆಗೆ ಜೀವಮಾನದ ಗ್ಯಾರಂಟಿ.'

ಈ ಮಾತು ಹುಟ್ಟಿದ್ದು ಮಾಸ್ಟರ ತಲೆಯಲ್ಲಲ್ಲ, ಹೆಂಡತಿಯ ತಲೆಯಲ್ಲಿ. ಮದುವೆಯಾದ ಹೊಸತು. ಎದುರುಗಡೆ ಇನ್ನೊಬ್ಬ ಟೈಲರ್ ಹೊಸ ಮೆಷಿನ್ ತಂದು ಗಾಜಿನ ಹಿಂದೆ ಇಟ್ಟಿದ್ದ. ಗಿರಾಕಿಗಳು ಅದರ ಸದ್ದು ಕೇಳಿಕೊಂಡೇ ಅತ್ತ ತಿರುಗುತ್ತಿದ್ದರು. ಗುಂಡಿ ಹಾಕುತ್ತ ಕೂತಿದ್ದ ಹೆಂಡತಿ ತಲೆ ಎತ್ತದೆ ಹೇಳಿದ್ದಳು: "ಅವನು ಮೆಷಿನ್ ತೋರಿಸ್ಲಿ, ನೀವು ಮಾತು ಕೊಡಿ. ವರ್ಷ, ಎರಡು ವರ್ಷ ಅಂತ ಗೊಣಗಬೇಡಿ. ಜೀವಮಾನ ಅಂತ ಬರೆಸಿ. ಹೇಳೋದೇ ಹೇಳ್ತೀರಿ, ಬಾಯಿ ತುಂಬ ಹೇಳಿ."

ಮಾಸ್ಟರಿಗೆ ಮೊದಮೊದಲು ನಿದ್ದೆ ಹತ್ತಲಿಲ್ಲ. ಆಮೇಲೆ ಚೆನ್ನಾಗಿಯೇ ಹತ್ತಿತು. ಯಾಕೆಂದರೆ ಆರು ತಿಂಗಳಲ್ಲಿ ಅವರಿಗೊಂದು ಗುಟ್ಟು ತಿಳಿಯಿತು. ಗಟ್ಟಿ ದಾರದ ಹೊಲಿಗೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮೊದಲು ಸವೆಯುವುದು ಬಟ್ಟೆ, ಅದಕ್ಕೂ ಮೊದಲು ಉಬ್ಬುವುದು ಗಿರಾಕಿ. ಪ್ಯಾಂಟಿನ ಸೊಂಟ ಸಾಲುವುದಿಲ್ಲ ಎಂದು ಬಂದವರಿಗೆ ಮಾಸ್ಟರು ನಗುನಗುತ್ತಲೇ ಹೇಳುತ್ತಿದ್ದರು: "ಹೊಲಿಗೆಗೆ ಗ್ಯಾರಂಟಿ ಕಣಪ್ಪ, ಹೊಟ್ಟೆಗಲ್ಲ." ಉಳಿದವರಲ್ಲಿ ಮುಕ್ಕಾಲು ಪಾಲು ಜನ ಒಂದು ಹೊಲಿಗೆಗೆ ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಪಿನ್ನು ಚುಚ್ಚಿಕೊಂಡು ಸುಮ್ಮನಾಗುತ್ತಿದ್ದರು. ಹೀಗೆ ಜೀವಮಾನದ ಮಾತು ವರ್ಷಕ್ಕೆ ಎರಡು ಉಂಡೆ ದಾರದಲ್ಲಿ ಮುಗಿಯುತ್ತಿತ್ತು. ಎದುರಿನ ಅಂಗಡಿ ಮುಚ್ಚಿ ಚಪ್ಪಲಿ ಅಂಗಡಿಯಾಯಿತು. ಹೆಂಡತಿ ಅದನ್ನು ಕೊಟ್ಟ ಮಾತಿನ ಪುಣ್ಯ ಎಂದುಕೊಂಡಳು. ಮಾಸ್ಟರು ಅಲ್ಲವೆನ್ನಲಿಲ್ಲ.

ಒಂದೇ ಒಂದು ಸಲ ಪೆಟ್ಟು ಬಿತ್ತು. ಯಾರೋ ಒಬ್ಬ, ಬೇರೆ ಟೈಲರ್ ಬಿಚ್ಚಿ ಹಾಳು ಮಾಡಿದ ಕೋಟನ್ನು ತಂದು, ನೀಲಿ ಗಂಟು ತೋರಿಸಿ, ಇಡೀ ಕೋಟನ್ನೇ ಮರುಹೊಲಿಸಿಕೊಂಡು ಹೋದ. ಆ ವರ್ಷ ಬೋರ್ಡಿಗೆ ಹೊಸ ಬಣ್ಣ ಬಳಿಯಲು ಪೇಂಟರ್ ಬಂದಾಗ ಹೆಂಡತಿ ತವರಿಗೆ ಹೋಗಿದ್ದಳು. ಮಾಸ್ಟರು ಏಣಿಯ ಬುಡದಲ್ಲಿ ನಿಂತು, ಅಕ್ಕಪಕ್ಕ ನೋಡಿ, ಕೆಳಗೊಂದು ಸಾಲು ಸೇರಿಸಿದರು. ಅಕ್ಷರ ಉಗುರಿನಷ್ಟು: 'ಬೇರೆಯವರು ಕೈಯಾಡಿಸಿದ ಬಟ್ಟೆಗೆ ಇದು ಅನ್ವಯಿಸುವುದಿಲ್ಲ.' ಬೋರ್ಡು ಇದ್ದದ್ದು ಸೂರಿನಡಿ. ಕತ್ತು ನೋಯಿಸಿಕೊಂಡು ಯಾರೂ ಅಷ್ಟು ಕೆಳಗಿನವರೆಗೆ ಓದಲಿಲ್ಲ. ಹೆಂಡತಿಯೂ ಓದಲಿಲ್ಲ ಎಂದು ಮಾಸ್ಟರು ಇಪ್ಪತ್ತಾರು ವರ್ಷ ನೆಮ್ಮದಿಯಿಂದಿದ್ದರು.

ಐವತ್ತೇಳನೆಯ ವಯಸ್ಸಿಗೆ ಮೊಣಕಾಲು ಕೈಕೊಟ್ಟಿತು. ಸ್ಕೂಟರಿನ ಕಿಕ್ ಹೊಡೆಯುವುದೆಂದರೆ ಬೆಳಗಿನ ಶಿಕ್ಷೆಯಾಯಿತು. ಮಾಸ್ಟರು ಡ್ರೈವಿಂಗ್ ಶಾಲೆಗೆ ಸೇರಿ, ಕಲಿಸುವವನಿಂದ ಬೈಸಿಕೊಂಡು, ಎರಡನೆಯ ಸಲಕ್ಕೆ ಲೈಸೆನ್ಸ್ ಪಡೆದು, ಕೊನೆಗೊಂದು ಪುಟ್ಟ ಬೂದು ಬಣ್ಣದ ಕಾರನ್ನು ಆರಿಸಿದರು. ಆ ಕಾರನ್ನು ಮನೆಗೆ ತರುವ ದಿನ ಶೋರೂಮಿನ ಗಾಜಿನ ಕೋಣೆಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತಿದ್ದರು. ಕಾರು ಗಾಜಿನಾಚೆ ಕೆಂಪು ಬಟ್ಟೆ ಹೊದ್ದು ನಿಂತಿತ್ತು. ಕೀಲಿ ಮೇಜಿನ ಮೇಲಿತ್ತು, ಮೇಜಿನ ಆ ಕಡೆ.

ಈ ಕಡೆ ಇದ್ದದ್ದು ಒಂದು ಕಾಗದ.

"ಎಲ್ಲಾ ಆಯ್ತು ಸರ್, ಇದೊಂದು ಬಾಕಿ," ಎಂದಳು ಮಾರಾಟದ ಹುಡುಗಿ. "ಎಕ್ಸ್‌ಟೆಂಡೆಡ್ ವಾರಂಟಿ. ಕಂಪನಿಯದು ಮೂರು ವರ್ಷ ಇರುತ್ತೆ. ಇದು ತಗೊಂಡ್ರೆ ಇನ್ನೂ ನಾಲ್ಕು ವರ್ಷ ನಿಶ್ಚಿಂತೆ."

"ಹೊಸ ಗಾಡಿ ಯಾಕಮ್ಮ ಕೆಡುತ್ತೆ?"

"ಕೆಡಲ್ಲ ಸರ್. ನಮ್ಮ ಗಾಡಿ ಕೆಡೋ ಮಾತೇ ಇಲ್ಲ."

"ಕೆಡದೇ ಇದ್ರೆ ಇದ್ಯಾಕೆ?"

"ಕೆಟ್ರೆ ಅಂತ ಸರ್."

ಮಾಸ್ಟರಿಗೆ ಹುಡುಗಿಯ ಮೇಲೆ ಗೌರವ ಹುಟ್ಟಿತು. ಮೂವತ್ತು ವರ್ಷದ ಅಂಗಡಿಯಲ್ಲಿ ತಾವೂ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ಅವರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಹೊಲಿಗೆ ಪರೀಕ್ಷಿಸುವವರಂತೆ ಬೆರಳಿಟ್ಟು ಕಾಗದ ಓದತೊಡಗಿದರು. ಇಂಜಿನ್ ಸೇರುತ್ತದೆ, ಗೇರ್‌ಬಾಕ್ಸ್ ಸೇರುತ್ತದೆ. ಟೈರು, ಬ್ರೇಕು, ಕ್ಲಚ್ಚು ಮುಂತಾದ ಸವೆಯುವ ಭಾಗಗಳು ಸೇರುವುದಿಲ್ಲ. ಮಾಸ್ಟರ ಮೀಸೆಯಡಿ ನಗು ಬಂತು. ಹೊಲಿಗೆಗೆ ಗ್ಯಾರಂಟಿ, ಹೊಟ್ಟೆಗಲ್ಲ! ಎಲಾ ಕಳ್ಳ ಎಂದುಕೊಂಡು ಪುಟ ತಿರುಗಿಸಿದರು. ಕೆಳಗೆ, ಉಗುರಿನಷ್ಟೂ ಇಲ್ಲದ ಅಕ್ಷರದಲ್ಲಿ, ಹೀಗಿತ್ತು: 'ಬೇರೆ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ವಾಹನಕ್ಕೆ ಇದು ಅನ್ವಯಿಸುವುದಿಲ್ಲ.'

ನಗು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. ಇದನ್ನೂ ಅದೇ ಪೇಂಟರ್ ಬರೆದನೇ ಎನ್ನುವ ಹಾಗಿತ್ತು.

ಬೇಡ ಎನ್ನುವುದು ಆ ಗಳಿಗೆಯಲ್ಲೇ ನಿಶ್ಚಯವಾಯಿತು. ಮಾರುವವನಿಗೆ ಗೊತ್ತಿಲ್ಲದ ಮಾಲುಂಟೇ? ಇದರ ಬೆಲೆ ಹತ್ತು ಕೋಟಿನ ಹೊಲಿಗೆ ಕೂಲಿ. ಅಷ್ಟನ್ನು ಕೊಟ್ಟು ತಮ್ಮದೇ ಉಪಾಯವನ್ನು ತಾವೇ ಕೊಂಡುಕೊಳ್ಳಬೇಕೆ? ಆದರೆ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಮಾತು ಬಂತು.

"ಇದರಲ್ಲಿ ಯೋಚನೆ ಏನಿದೆ ರೀ? ನೀವು ಹೊಲಿಗೆಗೆ ಕೊಟ್ಟ ಹಾಗೆ ಇವರು ಇಂಜಿನ್ನಿಗೆ ಕೊಡ್ತಿದಾರೆ. ನಿಮ್ಮ ಮಾತು ನಂಬಿ ಜನ ಬರ್ಲಿಲ್ವಾ?"

ಮಾಸ್ಟರು ಬಾಯಿ ಮುಚ್ಚಿಕೊಂಡರು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳಿದರೆ, ಮನೆ ಕಟ್ಟಿಸಿದ, ಮಗಳ ಓದು ಮುಗಿಸಿದ ಆ ಮಾತು ಎಂಥದ್ದೆಂದು ಅವಳಿಗೆ ತಾವೇ ಬಿಚ್ಚಿ ತೋರಿಸಿದ ಹಾಗೆ. ಉಗುಳಲಾರದ, ನುಂಗಲಾರದ ಬಿಸಿ ತುತ್ತು.

"ಮನೆಗೆ ಹೋಗಿ ಯೋಚನೆ ಮಾಡಿ ಹೇಳ್ತೀವಮ್ಮ."

"ಕೀ ಕೊಡೋಕೆ ಮುಂಚೆ ಆದ್ರೆ ಈ ರೇಟು ಸರ್. ಆಮೇಲೆ ಜಾಸ್ತಿ ಆಗುತ್ತೆ."

"ಗಾಡೀನ ಇನ್ನೊಂದು ಸಲ ನೋಡಿ ಬರ್ತೀನಿ," ಎಂದು ಎದ್ದರು. ಹುಡುಗಿಯೂ ಎದ್ದಳು, ಕಾಗದ ಹಿಡಿದುಕೊಂಡೇ. ಕಾರಿನ ಸುತ್ತ ಒಂದು ಸುತ್ತು ಬಂದರು, ಹುಡುಗಿಯೂ ಬಂದಳು. ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಹೊರಗೆ ಬಂದರೆ ಬಾಗಿಲಲ್ಲಿ ನಿಂತಿದ್ದಳು, ಟಿಶ್ಯೂ ಹಿಡಿದು. ಅವರು ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಕಾಗದದ ಲೋಟದಲ್ಲಿ ಟೀ ಕೆನೆಗಟ್ಟಿತ್ತು.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಬೂದು ಕೋಟು, ತುಂಬು ನಗೆ.

"ಓಹೋ, ಮಾಸ್ಟರ್! ಗುರುತು ಸಿಕ್ತಾ? ಈ ಕೆಲಸಕ್ಕೆ ಸೇರಿದಾಗ ನೀವೇ ಹೊಲಿದಿದ್ದು ಇದು. ಹನ್ನೊಂದು ವರ್ಷ ಆಯ್ತು." ಕೋಟಿನ ಮಡಿಕೆ ತಿರುಗಿಸಿ ನೀಲಿ ಗಂಟು ತೋರಿಸಿದ. "ಗ್ಯಾರಂಟಿ ಅಂದ್ರೆ ಏನು ಅಂತ ನಿಮಗೆ ಹೇಳಿಕೊಡೋಕೆ ನಾನ್ಯಾರು? ನೀವೇ ನಮಗೆ ಕ್ಲಾಸು ತಗೋಬೇಕು."

ಹೀಗೆಂದು ಕಾರಿನತ್ತ ಕೈ ಎತ್ತಿದ. ಎತ್ತಿದ ಕೈಯಡಿ ಕಂಕುಳಲ್ಲಿ ನಾಲ್ಕು ಬೆರಳಗಲ ಹೊಲಿಗೆ ಬಿಟ್ಟಿತ್ತು.

"ಅಯ್ಯೋ, ಕಂಕುಳು ಬಿಟ್ಟಿದೆಯಲ್ಲಪ್ಪ!" ಎಂದಳು ಮಾಸ್ಟರ ಹೆಂಡತಿ. "ಕೊಡು ಇಲ್ಲಿ. ರೀ, ಹೊಲಿದುಕೊಡಿ. ಸೂಜಿ ಇದೆಯಲ್ಲ."

ಸೂಜಿ ಇತ್ತು. ದಾರ ಪೋಣಿಸಿದ ಸೂಜಿಯೊಂದು ಅಂಗಿಯ ಕಾಲರಿನಡಿ ಯಾವಾಗಲೂ ಇರುತ್ತಿತ್ತು. ಮ್ಯಾನೇಜರ್ ನಾಚಿಕೊಂಡು, "ಬಿಡಿ ಅಮ್ಮ, ಅಷ್ಟಕ್ಕೆ ಅಲ್ಲಿತನಕ ಯಾಕೆ ಅಂತ ನಾನೇ ಸುಮ್ನಿದ್ದೆ," ಎನ್ನುತ್ತಲೇ ಕೋಟು ಬಿಚ್ಚಿ ಕೊಟ್ಟ.

ಕೋಟು ತೊಡೆಯ ಮೇಲೆ ಬಿದ್ದ ಕೂಡಲೇ ಮಾಸ್ಟರ ಬೆರಳು ಹೇಳಿತು: ಇದು ನನ್ನದಲ್ಲ. ಬೂದು ಬಟ್ಟೆಗೆ ಕರಿ ದಾರ. ದೊಡ್ಡ ದೊಡ್ಡ ಹೊಲಿಗೆ, ಓಡುವವನ ಹೆಜ್ಜೆಯ ಹಾಗೆ. ಹಿಂದೊಮ್ಮೆ ಬಿಟ್ಟಾಗ ಯಾರ ಕೈಯಲ್ಲೋ ಹೊಲಿಸಿದ್ದಾನೆ, ಅದೇ ಈಗ ಮತ್ತೆ ಬಿಟ್ಟಿದೆ.

ಬೇರೆಯವರು ಕೈಯಾಡಿಸಿದ ಬಟ್ಟೆ.

ತಪ್ಪಿಸಿಕೊಳ್ಳುವ ಬಾಗಿಲು ಇಲ್ಲಿತ್ತು, ಕೈಗೆಟುಕುವಷ್ಟು ಹತ್ತಿರ. 'ಇದಕ್ಕೆ ಬೇರೆಯವರ ಕೈ ಬಿದ್ದಿದೆಯಪ್ಪ, ನನ್ನ ಗ್ಯಾರಂಟಿ ನಡೆಯಲ್ಲ. ನಾಳೆ ನನ್ನ ಗಾಡಿಗೆ ನೀನು ಹೇಳೋದೂ ಇದೇ ತಾನೆ?' ಇಷ್ಟು ಹೇಳಿದರೆ ಸಾಕಿತ್ತು. ಮ್ಯಾನೇಜರನ ಬಾಯಿಗೆ ಬೀಗ, ಕಾಗದ ಕಸದ ಬುಟ್ಟಿಗೆ, ಕೀಲಿ ಕೈಗೆ. ಆದರೆ ಪಕ್ಕದಲ್ಲಿ ಕೂತವಳು ಕೇಳುತ್ತಾಳೆ: ನಡೆಯಲ್ಲ ಅಂತ ಯಾರು ಹೇಳಿದ್ದು? ಎಲ್ಲಿ ಬರೆದಿದೆ?

ತಲೆ ಎತ್ತಿ ನೋಡಿದರು. ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದಳು.

"ದಾರ ಹಳೇದಾಗಿದೆ ಅಷ್ಟೇ," ಎಂದರು ಮಾಸ್ಟರು. "ನನ್ನದೇ ಹೊಲಿಗೆ." ಸೂಜಿ ಕಿತ್ತು ಶುರುಮಾಡಿದರು.

ಕರಿ ದಾರವನ್ನು ಎಳೆಎಳೆಯಾಗಿ ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡರು. ಪಕ್ಕದ ಗಾಜಿನ ಕೋಣೆಯಲ್ಲಿ ಕೂತಿದ್ದ ಇನ್ನೊಂದು ಸಂಸಾರ ತಮ್ಮ ಕಾಗದ ಬಿಟ್ಟು ಇತ್ತ ನೋಡತೊಡಗಿತು. ಹುಡುಗಿ ಫೋಟೋ ತೆಗೆದಳು. ಹತ್ತು ನಿಮಿಷದಲ್ಲಿ ಕಂಕುಳು ಹೊಸದರಂತಾಯಿತು. ಮ್ಯಾನೇಜರ್ ಕೋಟು ತೊಟ್ಟು, ಕೈಯನ್ನು ಮೇಲೆ ಕೆಳಗೆ ಆಡಿಸಿ, ಆ ಸಂಸಾರಕ್ಕೂ ಕೇಳಿಸುವ ಹಾಗೆ ಹುಡುಗಿಗೆ ಹೇಳಿದ:

"ನೋಡಮ್ಮ, ಗ್ಯಾರಂಟಿ ಅಂದ್ರೆ ಇದು. ಹನ್ನೊಂದು ವರ್ಷದ ಮೇಲೆ! ಬಿಲ್ಲು ಕೇಳಿದ್ರಾ? ಒಂದು ಮಾತು ಆಡಿದ್ರಾ?"

ಸೂಜಿ ಇನ್ನೂ ಕಾಲರಿಗೆ ಮರಳಿರಲಿಲ್ಲ, ಅದೇ ಕೈಗೆ ಹುಡುಗಿ ಪೆನ್ನು ಇಟ್ಟಳು. ಇನ್ನೇನು ಹೇಳುವುದು? ಈಗಷ್ಟೇ ಹತ್ತು ಜನರೆದುರು ಹೊಲಿದು ತೋರಿಸಿದ ಮಾತನ್ನು ಬಿಚ್ಚುವುದು ಹೇಗೆ? ಮಾಸ್ಟರು ಮೂರು ಕಡೆ ಸಹಿ ಹಾಕಿದರು. ಮೂರನೆಯದು ಕರಿ ದಾರದ ಹೊಲಿಗೆಯ ಹಾಗೆ ಓಡಿತ್ತು.

ದಾರಿಯಲ್ಲಿ ಮಾಸ್ಟರು ಗಂಟೆಗೆ ಇಪ್ಪತ್ತರ ವೇಗದಲ್ಲಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದು ಬರುತ್ತಿದ್ದರು. ಫೈಲು ಹೆಂಡತಿಯ ಮಡಿಲಲ್ಲಿತ್ತು. ದೊಡ್ಡ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮುಂದೊಂದು ಬಸ್ಸು, ಹಿಂದೊಂದು ಲಾರಿ.

"ಆ ಕರಿ ದಾರ ನಿಮ್ಮದಲ್ಲ," ಎಂದಳು ಹೆಂಡತಿ.

ಮಾಸ್ಟರು ಬಸ್ಸಿನ ಹಿಂಬದಿ ನೋಡಿದರು.

"ಬೂದು ಕೋಟಿಗೆ ಕರಿ ದಾರ ಹಾಕೋ ಅಷ್ಟು ನಿಮ್ಮ ಕಣ್ಣು ಕೆಟ್ಟಿಲ್ಲ."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾದೆ. ಬೋರ್ಡಿನ ಕೆಳಗೊಂದು ಸಾಲಿದೆಯಲ್ಲ, ಅದನ್ನ."

ಕ್ಲಚ್ಚಿನ ಮೇಲಿದ್ದ ಕಾಲು ಜಾರಿತು. ಹೊಸ ಕಾರು ಒಮ್ಮೆ ಮುಗ್ಗರಿಸಿ ಆಫ್ ಆಯಿತು. ದೀಪ ಹಸಿರಾಯಿತು. ಲಾರಿಯವನು ಹಾರನ್ ಒತ್ತಿದ.

"ಯಾವಾಗ ಓದಿದೆ?"

"ತವರಿಂದ ಬಂದ ದಿನಾನೇ. ಹೊಸ ಬಣ್ಣ ಅಲ್ವಾ, ಹೊಳೀತಿತ್ತು. ಮೊದಲು ಗಾಡಿ ಶುರು ಮಾಡಿ, ಬೈತಿದಾನೆ ಅವನು."

"ಇಷ್ಟು ವರ್ಷ ಸುಮ್ನಿದ್ದೆಯಲ್ಲೇ!"

"ನೀವೂ ಸುಮ್ನಿದ್ರಲ್ಲ."

ಮಾಸ್ಟರು ಎರಡು ಸಲ ಕೀಲಿ ತಿರುಗಿಸಿದರು. ಮೂರನೆಯದಕ್ಕೆ ಕಾರು ಹೊರಟಿತು. ಬಹಳ ದೂರ ಬಂದ ಮೇಲೆ ಅವರು ಕೇಳಿದರು:

"ಹಾಗಾದ್ರೆ ಇದನ್ನ ಯಾಕೆ ತಗೋ ಅಂದೆ?"

"ನಾನು ತಗೊಳ್ಳಿ ಅಂದ್ರೆ, ಯಾಕೆ ಬೇಡ ಅಂತ ನೀವು ಹೇಳ್ಬೇಕಾಗ್ತಿತ್ತು. ನಿಮ್ಮ ಬಾಯಲ್ಲಿ ಅದನ್ನ ಕೇಳೋ ಆಸೆ ಇತ್ತು."

"ಅದಕ್ಕೆ ಹತ್ತು ಕೋಟಿನ ಕೂಲಿ?"

"ಬಾಯಿ ಬಿಟ್ಟಿದ್ರೆ ಉಳೀತಿತ್ತು."

ಮನೆ ಬಂತು. ಗೇಟಿನ ಬಳಿ ಇಳಿಯುತ್ತ ಹೆಂಡತಿ ಫೈಲನ್ನು ಸೀಟಿನ ಮೇಲಿಟ್ಟು ಹೇಳಿದಳು: "ನಾಳೆ ಪೇಂಟರನ್ನ ಕರೀರಿ. ಆ ಸಾಲನ್ನ ಮೇಲಿನ ಸಾಲಿನಷ್ಟು ದೊಡ್ಡದು ಮಾಡಿಸಿ, ಇಲ್ಲಾ ಅಳಿಸಿ. ಎರಡರಲ್ಲಿ ಒಂದು."

ಬಂದವನು ಅದೇ ಪೇಂಟರ್, ಈಗ ಅವನಿಗೂ ಮೊಣಕಾಲು ನೋವು. ನರಳುತ್ತ ಏಣಿ ಹತ್ತಿ ಕೂಗಿದ: "ಏನ್ ಮಾಡೋದು ಮಾಸ್ಟರೇ? ದೊಡ್ಡದಾ, ಅಳಿಸೋದಾ?"

ದೊಡ್ಡದು ಮಾಡಿಸಿದರೆ ಮೇಲಿನ ಮಾತು ಯಾರೂ ನಂಬುವುದಿಲ್ಲ. ಅಳಿಸಿದರೆ ಊರಿನ ಟೈಲರುಗಳು ಕೆಡಿಸಿದ್ದೆಲ್ಲ ತಮ್ಮ ತಲೆಗೆ. ಮಾಸ್ಟರು ಒಳಗೆ ನೋಡಿದರು. ಹೆಂಡತಿ ಗುಂಡಿ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ.

"ಅಳಿಸಪ್ಪ," ಎಂದರು.

ಪೇಂಟರ್ ಅಳಿಸಿದ. ಇಪ್ಪತ್ತಾರು ವರ್ಷ ಬಿಸಿಲು ಹೊಗೆ ಕುಡಿದು ಮಾಸಿದ ಬೋರ್ಡಿನ ಕೆಳಗೆ, ಸರಿಯಾಗಿ ಆ ಸಾಲಿನಷ್ಟೇ ಉದ್ದ ಅಗಲದ ಬಿಳಿ ಪಟ್ಟಿ ಉಳಿಯಿತು. ಇಡೀ ಬೀದಿಗೆ ಕಾಣುವ ಹಾಗೆ ಹೊಳೆಯಿತು.

ವಾರದೊಳಗೆ ಶೋರೂಮಿನವರೆಲ್ಲ ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕೋಟು, ಪ್ಯಾಂಟು. ನೀಲಿ ಗಂಟಿನ ಪಕ್ಕದಲ್ಲಿ ಕಂಡಕಂಡವರ ಬಣ್ಣಬಣ್ಣದ ದಾರ. ಮಾಸ್ಟರು ಒಂದು ಮಾತಾಡದೆ ಕಿತ್ತು ಕಿತ್ತು ಹೊಲಿದರು. ಬಂದವರು ಬಾಗಿಲಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದರು. ಅಕ್ಷರವಿದ್ದಾಗ ಯಾರೂ ಓದದ ಜಾಗವನ್ನು ಈಗ ಎಲ್ಲರೂ ಓದುತ್ತಿದ್ದರು.

"ಅಲ್ಲೇನೋ ಬರೆದಿತ್ತಲ್ಲ ಮಾಸ್ಟರ್, ಏನದು?"

ಮಾಸ್ಟರು ಮೆಷಿನ್ನಿನ ಮೇಲೆ ಇನ್ನಷ್ಟು ಬಗ್ಗಿದರು. ಒಳಗಿನಿಂದ ಹೆಂಡತಿ ಹಲ್ಲಿನಲ್ಲಿ ದಾರ ಕಚ್ಚಿ ಕಡಿದು ಹೇಳಿದಳು:

"ಹೇಳ್ರೀ, ಕೇಳ್ತಿದಾರಲ್ಲ."