ಹತ್ತು ನಿಮಿಷ ಮುಂದಿದ್ದ ಸರ್ವರ್

ನನ್ನ ಕೈಗಡಿಯಾರ ಹತ್ತು ನಿಮಿಷ ಮುಂದಿದೆ. ಕೆಟ್ಟಿಲ್ಲ, ನಾನೇ ಹಾಗೆ ಇಟ್ಟುಕೊಂಡಿದ್ದೇನೆ. ಗಿರಿನಗರದ ನಮ್ಮ ಮನೆಯ ಗೋಡೆ ಗಡಿಯಾರವೂ ಅಷ್ಟೇ. ಬಸ್ಸು ತಪ್ಪಬಾರದೆಂದು ಶುರುವಾದ ಅಭ್ಯಾಸ. ಮುಂದಿದೆ ಎಂಬುದು ಗೊತ್ತಿರುವುದರಿಂದ ಮನಸ್ಸಿನಲ್ಲೇ ಹತ್ತು ಕಳೆದು, ಇನ್ನರ್ಧ ಲೋಟ ಕಾಫಿ ಕುಡಿದು, ಕೊನೆಗೆ ಬಸ್ಸಿನ ಹಿಂದೆ ಓಡುವುದು ಮಾತ್ರ ತಪ್ಪಿಲ್ಲ.

ಈ ಅಭ್ಯಾಸ ಒಂದು ಸರ್ವರಿನ ಪ್ರಾಣಕ್ಕೆ ಕುತ್ತು ತಂದೀತೆಂದು ಎಣಿಸಿರಲಿಲ್ಲ. ಜಯನಗರದಲ್ಲಿ ಮನೆಗಳ ನಕ್ಷೆ ಬರೆಯುವ ಆಫೀಸೊಂದರಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನನ್ನದು. ನಕ್ಷೆಗಳೆಲ್ಲ ಇರುವುದು ನಾನೇ ಜೋಡಿಸಿದ ಹಳೆಯ ಸರ್ವರಿನಲ್ಲಿ. ಅದು ನಡೆಯುವುದು ವಿಂಡೋಸಿನಲ್ಲಲ್ಲ, ಲಿನಕ್ಸಿನಲ್ಲಿ. ಈಚೆಗೆ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ವಿಂಡೋಸ್ ಡೊಮೈನ್ ಎಂಬ ಒಂದೇ ಆಡಳಿತದ ಕೆಳಗೆ ತಂದರು. ಒಬ್ಬರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ನನ್ನ ಸರ್ವರೂ ಅದಕ್ಕೆ ಸೇರಬೇಕು. ಯಜಮಾನರು ಕರೆದು, "ನೋಡ್ರೀ, ಇವತ್ತು ಐದು ಗಂಟೆಯೊಳಗೆ ಆದ್ರೆ ಸರಿ. ಇಲ್ಲಾಂದ್ರೆ ಹೊಸದು ತರ್ಸಿ ಇದನ್ನ ಗುಜರಿಗೆ ಹಾಕ್ಬಿಡೋಣ" ಎಂದರು. ಒಂಬತ್ತು ವರ್ಷದಲ್ಲಿ ಅದು ಒಂದು ನಕ್ಷೆಯನ್ನೂ ಕಳೆದಿರಲಿಲ್ಲ.

ಲಿನಕ್ಸನ್ನು ವಿಂಡೋಸಿನ ಜೊತೆ ಮಾತಾಡಿಸುವ ತಂತ್ರಾಂಶದ ಹೆಸರು ಸಾಂಬಾ. ಬೆಳಗಿನಿಂದ ಅದರ ಮುಂದೆ ಕೂತೆ. ಹೆಸರು ಕೊಟ್ಟೆ, ಪಾಸ್‌ವರ್ಡ್ ಕೊಟ್ಟೆ. ಸೇರಿಸಲಾಗಲಿಲ್ಲ ಎಂದು ಉತ್ತರ ಬಂತು. ಅದರ ಕೆಳಗೆ ಇನ್ನೊಂದು ಸಾಲಿತ್ತು. ಮೊದಲ ಸಾಲಿಗೇ ಸಿಟ್ಟು ಬಂದಿದ್ದರಿಂದ ಎರಡನೆಯದನ್ನು ಓದುವ ತಾಳ್ಮೆ ಉಳಿದಿರಲಿಲ್ಲ. ಪಕ್ಕದ ಮೇಜಿನಲ್ಲಿ ನಕ್ಷೆ ಬರೆಯುವ ಶಾರದಮ್ಮ ನನ್ನ ಗೊಣಗಾಟ ಕೇಳಿ, "ಸಾಂಬ ಅಂದ್ರೆ ಶಿವ ಅಲ್ವಾ ಸಾರ್? ಅವನನ್ನೇ ಒಳಗೆ ಬಿಡ್ತಿಲ್ವಾ?" ಎಂದರು. ಅಂಬೆಯೊಡನೆ ಇರುವವನು ಸಾಂಬ, ಹೊಂದಿಕೊಂಡು ಬಾಳುವುದು ಹೆಸರಿನಲ್ಲೇ ಇದೆ ಎಂದು ಅವರಿಗೆ ವ್ಯಾಖ್ಯಾನ ಮಾಡಿದೆನೇ ಹೊರತು ಕೆಲಸ ಮುಂದೆ ಹೋಗಲಿಲ್ಲ.

ಕೈಗಡಿಯಾರ ಐದು ತೋರಿಸಿತು. ಗಾಬರಿಯಲ್ಲಿ ಹತ್ತು ಕಳೆಯುವುದನ್ನು ಮರೆತೆ. ಸೀದಾ ಯಜಮಾನರ ಕೋಣೆಗೆ ಹೋಗಿ, "ಟೈಮ್ ಆಯ್ತು ಸಾರ್, ಆಗ್ಲಿಲ್ಲ" ಎಂದೆ. ಅವರು ಮೊಬೈಲ್ ನೋಡಿ, "ಇನ್ನೂ ಹತ್ತು ನಿಮಿಷ ಇದ್ಯಲ್ರೀ. ನಿಮ್ ವಾಚ್ ಮುಂದಿದೆ" ಎಂದರು.

ವಾಪಸು ಓಡಿಬಂದು ಆ ಎರಡನೆಯ ಸಾಲು ಓದಿದೆ. ಎರಡು ಕಡೆಯ ಗಡಿಯಾರಗಳ ಅಂತರ ಹೆಚ್ಚಾಯಿತು ಎಂದಿತ್ತು. ಕದ್ದ ಹಳೆಯ ಗುರುತು ತೋರಿಸಿ ಯಾರೂ ಒಳಗೆ ನುಗ್ಗಬಾರದೆಂದು ಡೊಮೈನು ಸಮಯವನ್ನೂ ತಾಳೆ ನೋಡುತ್ತದೆ. ಐದು ನಿಮಿಷದ ವ್ಯತ್ಯಾಸವನ್ನು ಮಾತ್ರ ಕ್ಷಮಿಸುತ್ತದೆ. ಹೋದ ತಿಂಗಳು ಸರ್ವರಿನ ಪುಟ್ಟ ಬ್ಯಾಟರಿ ಬದಲಿಸಿದಾಗ ಸಮಯ ತುಂಬಿದವನು ನಾನು, ಇದೇ ಕೈಗಡಿಯಾರ ನೋಡಿಕೊಂಡು. ಹತ್ತು ನಿಮಿಷ ಹಿಂದಕ್ಕೆ ಸರಿಸಿದೆ. ಸಾಂಬ ತಕರಾರಿಲ್ಲದೆ ಒಳಗೆ ಹೋದ.

ಶಾರದಮ್ಮ ಹೊಸ ಪಾಸ್‌ವರ್ಡ್ ಕೊಟ್ಟು, "ಬಂತು ಸಾರ್, ವಸಂತಪುರದ ಮನೆ ಬಂತು" ಎಂದು ನಕ್ಷೆ ತೋರಿಸಿದರು. ಐದು ಹೊಡೆಯುವ ಮೊದಲೇ ಯಜಮಾನರನ್ನು ಕರೆತಂದು ತೋರಿಸಿದೆ.

ಮನೆಗೆ ಬಂದವನೇ ಸ್ಟೂಲು ಹತ್ತಿ ಗೋಡೆ ಗಡಿಯಾರಕ್ಕೆ ಕೈ ಹಾಕಿದೆ. ಕಥೆಯೆಲ್ಲ ಕೇಳಿದ ಹೆಂಡತಿ, "ಅದನ್ನ ಮುಟ್ಬೇಡಿ. ಇವತ್ತು ನಿಮ್ಮನ್ನ ಉಳಿಸಿದ್ದು ಆ ಹತ್ತು ನಿಮಿಷಾನೇ ಅಲ್ವಾ?" ಎಂದಳು. ಕೆಡಿಸಿದ್ದೂ ಅದೇ ಎಂದುಕೊಂಡು, ಮುಳ್ಳು ಮುಟ್ಟದೆ ಕೆಳಗಿಳಿದೆ. ಮನೆಯೆಂಬ ಈ ಡೊಮೈನಿನಲ್ಲಿ ಸಮಯ ಎಷ್ಟೆಂದು ಹೇಳುವವಳು ಅವಳು. ನನ್ನ ಕೈಗಡಿಯಾರವೂ ಗೋಡೆಯದಕ್ಕೆ ಸರಿಯಾಗಿಯೇ ಇದೆ.