ಚಿಗವ್ವನ ಬಾಯಿತುಂಬ ನೀರು

ನಿನ್ನೆ ಟಿವಿಯ ನಗೆಪಂದ್ಯದಲ್ಲಿ ಬಾಯಿತುಂಬ ನೀರು ಹಿಡಿದಿದ್ದವನೊಬ್ಬ ನಗು ತಡೆಯಲಾರದೆ ಉಗುಳಿಬಿಟ್ಟ. ನನಗೆ ನಮ್ಮೂರು ಜಕ್ಕಲಿಯ ಮನೆಯ ಪಡಸಾಲೆ ನೆನಪಾಯಿತು.

ನಾವು ಸಣ್ಣ ಮಕ್ಕಳಿದ್ದಾಗ ಒಂದು ದಿನ ಅಲ್ಲಿಯೂ ಟಿವಿಯಲ್ಲಿ ಇಂಥದೇ ಆಟ. "ಇದೆಂಥಾ ಹುಚ್ಚಾಟಲೇ!" ಎಂದ ಅಜ್ಜ. "ನಮ್ಮ ಚಿಗವ್ವ ಆದ್ರ ಗೆಲ್ತಾಳ ನೋಡಜ್ಜಾ," ಎಂದೆ ನಾನು. ಮನೆಗೆ ಹೊಸ ಸೊಸೆಯಾಗಿ ಬಂದಿದ್ದ ಚಿಕ್ಕಪ್ಪನ ಹೆಂಡತಿ ಚಿಗವ್ವ ತಂಬಿಗೆ ಎತ್ತಿ ಬಾಯಿತುಂಬ ನೀರು ಹಿಡಿದಳು. ನಾವು ಮಂಗಗಳಂತೆ ಕುಣಿದರೂ ಅವಳ ತುಟಿ ಅಲುಗಲಿಲ್ಲ. ಮಾವನೆದುರು ಸೊಸೆ ನಗಬಾರದೆಂಬ ಮನೆ ನಮ್ಮದು.

ಅಜ್ಜ ಎಲೆಅಡಿಕೆ ಉಗುಳಿ ಬಂದು, ಅವಳೆದುರು ಕೂತು ಒಂದೊಂದೇ ಹುಬ್ಬು ಕುಣಿಸಿದ. ಚಿಗವ್ವನ ಬಾಯಿಯ ನೀರೆಲ್ಲ ಅವನ ತಲೆಯ ರುಮಾಲಿಗೆ ಸಿಡಿಯಿತು. ಅವಳು ಹೆದರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬಾಯಿ ಯಾಕ ಮುಚ್ಕೋತೀ ಯವ್ವಾ? ನಗು," ಎಂದ ಅಜ್ಜ.

ನಿನ್ನೆ ಚಿಗವ್ವನಿಗೆ ಫೋನ್ ಹಚ್ಚಿದೆ. ಅವಳೂ ಅದೇ ಆಟ ನೋಡುತ್ತಿದ್ದಳು. ನಕ್ಕೂ ನಕ್ಕೂ ಅವಳಿಗೆ ಮಾತೇ ಹೊರಡಲಿಲ್ಲ.