ಎಡಗಡೆ ಪರದೆಯ ಹಿಂದೆ

ಮೊನ್ನೆ ಹರಪನಹಳ್ಳಿಯ ನಮ್ಮ ಮನೆಗೆ ಹಲವಾಗಲಿನಿಂದ ನಾಲ್ಕು ಜನ ಬಂದಿದ್ದರು. ಊರ ನಾಟಕಕ್ಕೆ ತಾಲೀಮು ಶುರುವಾಗಿದೆಯಂತೆ. "ಸರ, ಪರದಿ ಹಿಂದ ನಿಂತು ಮಾತು ಹೇಳಿಕೊಡಾಕ ನಿಮ್ಮಂಥೋರು ಯಾರೂ ಇಲ್ರಿ. ಬರ್ರಿ," ಅಂದರು. ಆಗುವುದಿಲ್ಲ ಎಂದೆ. ಫಾರಿನ್ನಿಗೆ ಹೋಗಿ ಬಂದವನಿಗೆ ಕೊಬ್ಬು ಬಂದಿದೆ ಅಂದುಕೊಂಡಿರಬೇಕು, ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಅಂದುಕೊಳ್ಳಲಿ.

ಆ ಕೆಲಸ ನನಗೆ ಕಲಿಸಿದವರು ಅದೇ ಹಲವಾಗಲಿನ ನಾಟಕದ ಮಾಸ್ತರರು. ಹೊಲ ಉಳುವವರು, ಕುರಿ ಕಾಯುವವರು ಅಲ್ಲಿ ರಾಜರಾಗುತ್ತಾರೆ. ಅಷ್ಟು ಮಾತು ಬಾಯಿಪಾಠ ಮಾಡಲು ಯಾರಿಗೆ ಪುರುಸೊತ್ತು? ಅದಕ್ಕೇ ಪುಸ್ತಕ ಹಿಡಿದು ಎಡಗಡೆ ಪರದೆಯ ಹಿಂದೆ ಒಬ್ಬ ನಿಲ್ಲುತ್ತಾನೆ. "ಲೇ, ಪಾರ್ಟಿನವನ ಬಾಯಿ ಒಣಗಾಕ ಬಿಡಬ್ಯಾಡ. ಅವ ಉಸಿರು ತಗೊಳ್ಳೋದ್ರಾಗ ಮಾತು ಕಿವಿಗೆ ಬಿದ್ದಿರಬೇಕು," ಎಂದು ಮಾಸ್ತರರು ನನ್ನ ಬೆನ್ನಿಗೆ ಗುದ್ದುತ್ತಿದ್ದರು. ಅದರಲ್ಲಿ ಪಳಗಿಬಿಟ್ಟೆ.

ಹಡಗಲಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ದುಡಿದು ಸಾಕಾಗಿ, ಇಥಿಯೋಪಿಯಾದ ಒಂದು ವಿಶ್ವವಿದ್ಯಾಲಯಕ್ಕೆ ಇಂಗ್ಲಿಷ್ ಕಲಿಸಲು ಹೋದೆ. ಅಲ್ಲಿನ ವಿದ್ಯಾರ್ಥಿಗಳು ಪುಸ್ತಕ ಓದಿ ಅರ್ಥ ಮಾಡಿಕೊಳ್ಳುತ್ತಿದ್ದರು. ಮಾತಾಡಿ ಎಂದರೆ ನೆಲ ನೋಡುತ್ತಿದ್ದರು. ನಾಟಕ ಬಿಟ್ಟು ನನಗಾದರೂ ಬೇರೇನು ಗೊತ್ತು? ಕೊಟ್ಟೂರು ಬಸ್‌ಸ್ಟ್ಯಾಂಡಿನದೇ ಒಂದು ಪ್ರಸಂಗವನ್ನು ಇಂಗ್ಲಿಷಿನಲ್ಲಿ ನಾಟಕ ಮಾಡಿ ಬರೆದೆ. ಮುದುಕಿಯೊಬ್ಬಳು ಕುರಿಮರಿ ಎತ್ತಿಕೊಂಡು ಬಸ್ಸು ಹತ್ತುತ್ತಾಳೆ, ಕಂಡಕ್ಟರ್ ಇಳಿ ಎನ್ನುತ್ತಾನೆ, ಜಗಳ. ಮುದುಕಿಯ ಪಾರ್ಟು ಮಾಡಿದ ಹುಡುಗಿಯ ಮನೆಯಲ್ಲೂ ಕುರಿಗಳಿದ್ದವು. ಇಂಗ್ಲಿಷ್ ಮಾತಾಡುವ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಓದು ಬಿಟ್ಟು ಊರಿಗೆ ಹೋಗಬೇಕಿತ್ತು.

ನಾಟಕದ ದಿನ ಅವಳು ಕಂಡಕ್ಟರನ ಬೆವರಿಳಿಸಿದಳು. ಜನ ಬಿದ್ದು ಬಿದ್ದು ನಕ್ಕರು. ಅವಳ ಒಂದೊಂದು ಮಾತನ್ನೂ ನಾನು ಎಡಗಡೆ ಪರದೆಯ ಹಿಂದಿನಿಂದ ಮೊದಲೇ ಪಿಸುಗುಟ್ಟಿದ್ದೆ. ಮೂರು ತಿಂಗಳ ತಾಲೀಮಿನಲ್ಲಿ ಒಂದು ದಿನವೂ ಅವಳ ಬಾಯಿ ಒಣಗಲು ಬಿಟ್ಟಿರಲಿಲ್ಲ. ಹುಡುಗಿಗೆ ಇಂಗ್ಲಿಷ್ ಬಂದುಬಿಟ್ಟಿತು ಎಂದು ಎಲ್ಲರೂ ನನ್ನ ಕೈ ಕುಲುಕಿದರು. ನಾನೂ ನಂಬಿದೆ, ಮೂರ್ಖ.

ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬಂದರು. ಕಲಿಸಿದವರು ಒಳಗೆ ಇರುವಂತಿಲ್ಲ. ಕಿಟಕಿಯ ಗಾಜಿನಿಂದ ನೋಡುತ್ತ ನಿಂತೆ. ಏನೋ ಕೇಳಿದರು. ಅವಳು ಉಸಿರು ತೆಗೆದುಕೊಂಡು ಎಡಗಡೆ ತಿರುಗಿದಳು. ಅಲ್ಲಿ ಬರೀ ಗೋಡೆ. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಎಡಗಡೆಗೇ ತಿರುಗಿದಳು. ನಿನ್ನ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದಷ್ಟೇ ಕೇಳಿದ್ದಂತೆ. ಆಮೇಲೆ ಪರೀಕ್ಷಕರೇ ಹೇಳಿದರು.

ತಪ್ಪು ನನ್ನದು, ಅವಳಿಗೆ ಇನ್ನೊಂದು ಅವಕಾಶ ಕೊಡಿ ಎಂದು ಕಂಡವರನ್ನೆಲ್ಲ ಅಂಗಲಾಚಿದೆ. ಯಾರೂ ಕೇಳಲಿಲ್ಲ. ನಮ್ಮೂರಲ್ಲಾದರೆ ನಾಟಕ ಮುಗಿದ ಮೇಲೆ ರಾಜ ಮತ್ತೆ ಕುರಿ ಹಿಂದೆ ಹೋಗುತ್ತಾನೆ, ಯಾರಿಗೂ ಏನೂ ಆಗುವುದಿಲ್ಲ. ಅಲ್ಲಿ ಒಬ್ಬಳ ಓದನ್ನೇ ಕೈಯಾರೆ ಹಾಳು ಮಾಡಿದೆ. ವರ್ಷಗಳಾದರೂ ಆ ಸಂಕಟ ಹೋಗಿಲ್ಲ, ಹೋಗುವುದೂ ಇಲ್ಲ.

ಹೊರಡುವ ದಿನ ಅವಳು ಹಾಸ್ಟೆಲ್ ಗೇಟಿನ ಹತ್ತಿರ ಚೀಲ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಳು. "ಅಷ್ಟು ಸುಲಭದ ಪ್ರಶ್ನೆ. ಉತ್ತರ ಗೊತ್ತಿರಲಿಲ್ಲವೇನಮ್ಮ?" ಎಂದೆ.

ಅವಳು ಇಂಗ್ಲಿಷಿನಲ್ಲೇ, ಒಂದೂ ತಪ್ಪಿಲ್ಲದೆ ಹೇಳಿದಳು: "ಗೊತ್ತಿತ್ತು ಸರ್. ನೀವು ಮೊದಲು ಹೇಳಲಿ ಅಂತ ಕಾಯುತ್ತಿದ್ದೆ."